ತಾಯಿಯ ದಿನವೂ ಮಗುವಿನ ಪಾಠವೂ

ವಿದ್ಯಾಭ್ಯಾಸವು ಶಾಲೆಯ ಹೊಸ್ತಿಲಲ್ಲಿ ಮೊದಲಾಗುವುದೆಂದು ನಮ್ಮಲ್ಲಿ ಬಹುಜನರ ನಂಬುಗೆ. ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತೆಂದರೆ ಒಳ್ಳೆಯ ಶಾಲೆ ಯಾವುದು, ಅಲ್ಲಿಯ ಶುಲ್ಕವೆಷ್ಟು, ಉಪಾಧ್ಯಾಯರು ಎಂತಹವರು ಎಂದು ತಂದೆಯು ಊರೆಲ್ಲ ವಿಚಾರಿಸುವನು. ಇದು ಯುಕ್ತವೇ ಸರಿ. ಆದರೆ ಅಷ್ಟು ವರ್ಷಗಳಲ್ಲಿ ಮನೆಯೊಳಗೆ ನಡೆದುಹೋದ ಪಾಠಗಳೆಷ್ಟು, ಅವನ್ನು ಹೇಳಿಕೊಟ್ಟವರು ಯಾರು, ಆ ಉಪಾಧ್ಯಾಯಿನಿಗೆ ನಿದ್ರಾಹಾರಗಳು ಸರಿಯಾಗಿ ದೊರೆಯುತ್ತಿದ್ದುವೆ ಎಂದು ವಿಚಾರಿಸುವವರು ವಿರಳ. ಮೂವತ್ತನಾಲ್ಕು ವರ್ಷ ಪಾಠ ಹೇಳಿ ಈಗ ವಿಶ್ರಾಂತನಾಗಿರುವ ನನ್ನ ಮನಸ್ಸಿನಲ್ಲಿ ದೃಢವಾಗಿ ನಿಂತಿರುವ ಮಾತೊಂದುಂಟು: ಮೊದಲನೆಯ ತರಗತಿಗೆ ಬಂದು ಕುಳಿತ ಮಗುವಿನ ಮುಕ್ಕಾಲು ಪಾಲು ಶಿಕ್ಷಣವು ಆ ವೇಳೆಗಾಗಲೇ ಮುಗಿದಿರುವುದು. ಅಂಜುವುದನ್ನೋ ಅಂಜದಿರುವುದನ್ನೋ, ಕೇಳಿ ತಿಳಿಯುವುದನ್ನೋ ಬಾಯಿಮುಚ್ಚಿಕೊಂಡಿರುವುದನ್ನೋ, ಹಂಚಿ ತಿನ್ನುವುದನ್ನೋ ಕಸಿದು ತಿನ್ನುವುದನ್ನೋ ಅದು ಕಲಿತೇ ಬಂದಿರುವುದು. ಆಮೇಲೆ ನಮ್ಮಂತಹವರು ಮಾಡುವುದು ಅಕ್ಷರ ತಿದ್ದಿಸುವ ಕೆಲಸ.

ತೈತ್ತಿರೀಯೋಪನಿಷತ್ತಿನಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಉಪದೇಶ ಮಾಡುವಾಗ, ದೇವರೆಂದು ಕಾಣತಕ್ಕವರಲ್ಲಿ ತಾಯಿಯನ್ನು ಮೊದಲು ಹೇಳಿ, ಅನಂತರ ತಂದೆಯನ್ನು ಹೇಳಿ, ಮೂರನೆಯವನಾಗಿ ಆಚಾರ್ಯನನ್ನು ಹೇಳಿರುವನು. ಮನುಸ್ಮೃತಿಯು ಗೌರವದಲ್ಲಿ ತಾಯಿಯು ಸಾವಿರ ತಂದೆಯರನ್ನು ಮೀರುವಳೆಂದು ಲೆಕ್ಕವನ್ನೇ ಹಾಕಿದೆ. ಈ ಮಾತುಗಳನ್ನು ಸಭೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುವುದು ಸುಲಭ. ಮನೆಗೆ ಬಂದಮೇಲೆ, ಮಗು ಅಳುತ್ತಿದ್ದರೆ, “ಸ್ವಲ್ಪ ಸುಮ್ಮನಿರಿಸಬಾರದೇನೆ?” ಎಂದು ಒಳಮನೆಯ ಕಡೆಗೆ ಗದರುವವರೂ ಎಷ್ಟೋ ವೇಳೆ ಅವರೇ. ಆದುದರಿಂದ ಇಲ್ಲಿ ಸ್ತುತಿಪಾಠವನ್ನು ಬದಿಗಿಟ್ಟು, ತಾಯಿಯ ಒಂದು ದಿನದ ಕೆಲಸವನ್ನು ಬೆಳಗಿನಿಂದ ರಾತ್ರಿಯವರೆಗೆ ನೋಡೋಣ. ಅದರಲ್ಲಿ ಹಿರಿಯರು ಹೇಳಿದ್ದೇನು, ಈಗಿನ ವೈದ್ಯರು ಹೇಳುವುದೇನು, ಮನೆಯ ಉಳಿದವರು ಮಾಡತಕ್ಕದ್ದೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ನೀರೆರೆಯುವ ಹೊತ್ತು

ಎಳೆಯ ಕೂಸಿರುವ ಮನೆಯಲ್ಲಿ ಬೆಳಗಿನ ಮುಖ್ಯ ಕಾರ್ಯವೆಂದರೆ ಕೂಸಿಗೆ ನೀರೆರೆಯುವುದು. ಅಜ್ಜಿಯು ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕುಳಿತು ಕಾಲು ನೀಡಿಕೊಂಡು, ಕಾಲುಗಳ ನಡುವಣ ಹಳ್ಳದಲ್ಲಿ ಕೂಸನ್ನು ಮಲಗಿಸಿ, ಬೆಚ್ಚಗೆ ಮಾಡಿದ ಎಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕುವಳು. ತಾಯಿಯು ನೀರನ್ನು ಹದಮಾಡಿ ತಂಬಿಗೆಯಿಂದ ಮೆಲ್ಲಗೆ ಹೊಯ್ಯುವಳು. ನೀರಿನ ಕಾವನ್ನು ಅಂಗೈಯಿಂದ ನೋಡದೆ ಮೊಣಕೈಯಿಂದ ನೋಡುವುದು ತಿಳಿದವರ ಪದ್ಧತಿ. ಅಡಿಗೆಯ ಕೆಲಸದಿಂದ ಅಂಗೈಯ ಚರ್ಮವು ಕಾವಿಗೆ ಒಗ್ಗಿಹೋಗಿರುವುದರಿಂದ ಅದರ ಸಾಕ್ಷ್ಯವನ್ನು ನಂಬುವಂತಿಲ್ಲ.

ಈ ಸ್ನಾನದಲ್ಲಿ ಒಂದು ಪಾಠವೂ ನಡೆಯುವುದುಂಟು. “ಇದು ಕೈ, ಇದು ಕಾಲು, ಇದೆಲ್ಲಿ ಹೊಟ್ಟೆ?” ಎಂದು ಅಜ್ಜಿಯು ತಿಕ್ಕುತ್ತ ಹೇಳುವ ಮಾತುಗಳೇ ಕೂಸಿನ ಮೊದಲನೆಯ ನಾಮಪದಗಳು. ಮುಟ್ಟಿದ ಅಂಗವೂ ಕೇಳಿದ ಶಬ್ದವೂ ಒಂದೇ ಕ್ಷಣದಲ್ಲಿ ಕೂಡಿಬರುವುದರಿಂದ ಶಬ್ದಾರ್ಥಗಳ ಸಂಬಂಧವು ಇದಕ್ಕಿಂತ ಚೆನ್ನಾಗಿ ಯಾವ ಶಾಲೆಯಲ್ಲಿಯೂ ತಿಳಿಯಲಾರದು.

ಆದರೆ ಹಳೆಯ ಪದ್ಧತಿಯಲ್ಲಿ ಬಿಡತಕ್ಕ ಅಂಶಗಳೂ ಇವೆ. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದೆಂದು ವೈದ್ಯರು ಹೇಳುತ್ತಾರೆ. ಮೂಗಿನ ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಉರಿಯೂತವುಂಟಾಗುವುದು. ಸಾಂಬ್ರಾಣಿಯ ಹೊಗೆಯನ್ನು ಕೂಸಿನ ಮುಖಕ್ಕೆ ಹಿಡಿಯುವುದೂ ಎಳೆಯ ಉಸಿರಿಗೆ ಒಳ್ಳೆಯದಲ್ಲ. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುವುದು ಕಂಡುಬಂದಿರುವುದರಿಂದ ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಬಿಡಬೇಕು. ದೃಷ್ಟಿಬೊಟ್ಟು ಇಡಲೇಬೇಕೆಂಬ ಆಸೆಯುಳ್ಳ ಅಜ್ಜಿಯರು ಅಂಗಾಲಿನಲ್ಲಿಟ್ಟು ತೃಪ್ತಿಪಡಬಹುದು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಮೇಲಿನ ಚಿತ್ರದಲ್ಲಿ ಅಜ್ಜಿಯೂ ತಾಯಿಯೂ ಇಬ್ಬರಿದ್ದಾರೆ. ಇಂದು ನಗರಗಳಲ್ಲಿ ಎರಡು ಕೋಣೆಯ ಮನೆಗಳಲ್ಲಿ ಎಷ್ಟೋ ಮಂದಿ ತಾಯಂದಿರು ಒಬ್ಬರೇ ಆಗಿ, ಒಂದು ಕೈಯಲ್ಲಿ ಜಾರುವ ಕೂಸನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದು, ಒಲೆಯ ಮೇಲಣ ಹಾಲಿನ ಕಡೆಗೆ ಕಿವಿಯಿಟ್ಟು ಈ ಕೆಲಸವನ್ನು ಮಾಡುತ್ತಿದ್ದಾರೆ. ನಾಲ್ಕು ಕೈಗಳ ಕೆಲಸವು ಎರಡು ಕೈಗಳಿಗೆ ಬಂದಿರುವುದನ್ನು ಗಂಡಂದಿರು ಮರೆಯಬಾರದು.

ತುತ್ತು

ಹುಟ್ಟಿದ ಕೂಡಲೆ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಜಾತಕರ್ಮದಲ್ಲಿಯೂ ಜೇನು ತುಪ್ಪಗಳ ಪ್ರಾಶನವು ವಿಹಿತವಾಗಿದೆ. ಆದರೆ ಒಂದು ವರ್ಷ ತುಂಬುವವರೆಗೆ ಜೇನನ್ನು ಕೊಡಕೂಡದೆಂಬುದು ಈಗ ಸಿದ್ಧವಾದ ವೈದ್ಯಮತ. ಜೇನಿನಲ್ಲಿ ಒಮ್ಮೊಮ್ಮೆ ಇರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಿ ಕೂಸಿನ ಮಾಂಸಖಂಡಗಳನ್ನು ನಿಶ್ಶಕ್ತಿಗೊಳಿಸುವುವು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ಶಾಸ್ತ್ರವನ್ನು ಗೌರವಿಸುವವರು ಬಂಗಾರದ ಉಂಗುರವನ್ನು ತುಟಿಗೆ ಸೋಕಿಸಿ ಆಶೀರ್ವದಿಸಿದರೆ ಸಾಕು. ಕೂಸಿನ ಮೊದಲನೆಯ ಆಹಾರವು ಹುಟ್ಟಿದ ಒಂದು ಗಂಟೆಯೊಳಗೆ ದೊರೆಯತಕ್ಕ ತಾಯಿಯ ಹಳದಿಬಣ್ಣದ ಮೊದಲ ಹಾಲು. ಅದು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿಯು ಕೆಲವೆಡೆ ಇತ್ತು. ರೋಗಗಳನ್ನು ತಡೆಯುವ ಶಕ್ತಿಯು ಆ ಹಾಲಿನಲ್ಲಿಯೇ ಹೆಚ್ಚಾಗಿರುವುದು.

ಹೊಸದೂ ಹಳೆಯದೂ ಸೊಗಸಾಗಿ ಕೂಡಿರುವ ಸ್ಥಳವೂ ಒಂದಿದೆ. ಮನುವು ಅನ್ನಪ್ರಾಶನವನ್ನು ಆರನೆಯ ತಿಂಗಳಲ್ಲಿ ಮಾಡಬೇಕೆಂದು ವಿಧಿಸಿರುವನು. ವಿಶ್ವ ಆರೋಗ್ಯ ಸಂಸ್ಥೆಯು, ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ, ಆಮೇಲೆ ಹಾಲಿನೊಡನೆ ಮೆತ್ತಗಿನ ಆಹಾರವನ್ನು ಕೊಡಬೇಕು ಎಂದು ಹೇಳುವುದು. ದಾರಿಗಳು ಬೇರೆಯಾದರೂ ಇಬ್ಬರೂ ಬಂದು ನಿಂತಿರುವುದು ಒಂದೇ ಬಾಗಿಲಲ್ಲಿ.

ಆ ಮೆತ್ತಗಿನ ಆಹಾರಕ್ಕೆ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯ ಸರಿಯಂತಹದು ಬೇರೊಂದಿಲ್ಲ. ರಾಗಿಯನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಒದ್ದೆಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಜರಡಿಹಿಡಿಯುವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವುಂಟು. ಅಕ್ಕಿ ಗೋದಿಗಳಲ್ಲಿ ಅಷ್ಟಿಲ್ಲ. ಮೊಳಕೆ ಕಟ್ಟುವುದರಲ್ಲಿಯೂ ಒಂದು ಗುಟ್ಟಿದೆ. ಮೊಳೆತ ಧಾನ್ಯದಲ್ಲಿ ಹುಟ್ಟುವ ಪಾಚಕದ್ರವ್ಯವು ಹಿಟ್ಟನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುವುದು. ಮೊಳಕೆಯಿಲ್ಲದ ಹಿಟ್ಟು ಬೇಗ ಗಟ್ಟಿಯಾಗುವುದರಿಂದ ಅದಕ್ಕೆ ನೀರು ಹೆಚ್ಚು ಬೇಕು, ಕೂಸಿನ ಸಣ್ಣ ಹೊಟ್ಟೆಯು ನೀರಿನಿಂದಲೇ ತುಂಬಿಹೋಗುವುದು. ಮೊಳಕೆಯ ಹಿಟ್ಟಾದರೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸುವುದು. ಈ ರಸಾಯನಶಾಸ್ತ್ರವನ್ನು ಓದದ ನಮ್ಮ ಅಜ್ಜಿಯರು ಕೂಸಿನ ಹೊಟ್ಟೆಯನ್ನು ನೋಡಿಯೇ ಇದನ್ನು ಕಂಡುಕೊಂಡಿದ್ದರು. ಸರಿಯೊಂದೇ ಸಾಲದು. ತಿಂಗಳು ಕಳೆದ ಹಾಗೆಲ್ಲ ಬೇಯಿಸಿ ಮಸೆದ ಬೇಳೆ, ಸೊಪ್ಪು, ಹಣ್ಣುಗಳನ್ನೂ ಕ್ರಮವಾಗಿ ಕೂಡಿಸಬೇಕು.

ಕೂಸಿಗೆ ಭೇದಿಯಾದಾಗ ಕೆಲವರು ಅನ್ನಪಾನಗಳನ್ನು ನಿಲ್ಲಿಸಿಬಿಡುವರು. ಇದು ಪ್ರಾಣಾಪಾಯದ ಮಾತು. ಭೇದಿಯಲ್ಲಿ ಮಕ್ಕಳು ಸಾಯುವುದು ಮೈಯೊಳಗಿನ ನೀರೂ ಲವಣವೂ ಬತ್ತಿಹೋಗುವುದರಿಂದ. ಅಂಗಡಿಯ ಜೀವಜಲದ ಪೊಟ್ಟಣವು ಕೈಗೆ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಲ್ಲಿ ಮಟ್ಟವಾಗಿ ಅಳೆದ ಆರು ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು. ಉಪ್ಪು ಹೆಚ್ಚಾಗಕೂಡದು. ತಾಯಿಯ ಹಾಲನ್ನು ನಿಲ್ಲಿಸಕೂಡದು. ಕೂಸು ಮಂಕಾಗಿದ್ದರೆ, ಕಣ್ಣು ಒಳಕ್ಕೆ ಹೋಗಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರಗಳಲ್ಲಿ ವಾಂತಿಭೇದಿ ಹರಡಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಇಂತಹ ಲವಣಜಲವನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಬಹುಜನರನ್ನು ಉಳಿಸಿದರು. ತಾಯಿಯ ಕೈಚಮಚವೇ ಅಂದು ಆಸ್ಪತ್ರೆಯಾಯಿತು.

ಮಗುವಿಗೆ ಎರಡು ವರ್ಷವಾದಮೇಲೆ ತುತ್ತಿನ ಕಷ್ಟವು ಬೇರೆಯಾಗುವುದು. ಅದು ಬಾಯಿ ಬಿಗಿದುಕೊಂಡು ಓಡುವುದು, ತಾಯಿ ತಟ್ಟೆ ಹಿಡಿದು ಹಿಂದೆ ಹೋಗುವುದು. ಹಿಂದೆ ಚಂದ್ರನನ್ನೋ ಕಾಗೆಯನ್ನೋ ತೋರಿಸಿ ಉಣ್ಣಿಸುತ್ತಿದ್ದರು. ಈಗ ಫೋನು ತೋರಿಸಿ ಉಣ್ಣಿಸುವರು. ಎರಡೂ ಒಂದೇ ಅಲ್ಲವೆ ಎಂದು ಕೆಲವರು ಕೇಳುವುದುಂಟು. ಚಂದ್ರನನ್ನು ತೋರಿಸುವಾಗ ತಾಯಿಯು ಮಾತನಾಡಬೇಕು, ಮಗುವು ಮೇಲೆ ನೋಡಿ ಮತ್ತೆ ತಾಯಿಯ ಮುಖವನ್ನು ನೋಡಬೇಕು. ಫೋನಿನಲ್ಲಿ ಇಬ್ಬರ ಮಾತೂ ನಿಂತು, ತಾನು ತಿಂದದ್ದೇನೆಂಬುದೂ ಮಗುವಿಗೆ ತಿಳಿಯದು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯನ್ನು ತೋರಿಸಲೇಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆಯಿತ್ತಿದೆ. ಆದರೆ ಫೋನು ಕೊಟ್ಟ ತಾಯಿಯನ್ನು ಆಕ್ಷೇಪಿಸುವ ಮೊದಲು, ಆ ಹೊತ್ತಿನಲ್ಲಿ ಅವಳಿಗೆ ಒಲೆಯ ಹತ್ತಿರ ಇನ್ನೆಷ್ಟು ಕೆಲಸವಿತ್ತು, ಮನೆಯ ಉಳಿದವರು ಏನು ಮಾಡುತ್ತಿದ್ದರು ಎಂಬುದನ್ನೂ ಕೇಳಬೇಕು.

ಗುಮ್ಮ

ಊಟಕ್ಕೆ ಒಲ್ಲದ ಮಗುವಿಗೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಔಷಧವೆಂದರೆ ಗುಮ್ಮ. ಪುರಂದರದಾಸರ ಒಂದು ಪ್ರಸಿದ್ಧ ಕೀರ್ತನೆಯಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವುದನ್ನು ಕೇಳಿ ನಾವೆಲ್ಲರೂ ಸಂತೋಷಪಟ್ಟಿದ್ದೇವೆ. ಜಗತ್ತನ್ನು ಕಾಯುವವನು ಗುಮ್ಮನಿಗೆ ಹೆದರುವನೆಂಬುದು ಅಲ್ಲಿಯ ಸ್ವಾರಸ್ಯ. ನಿಜವಾದ ಮಗುವಿಗೆ ಅಂತಹ ಸ್ವಾರಸ್ಯವಿಲ್ಲ, ಭಯವೊಂದೇ ಇರುವುದು.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಈ ವಿಷಯವಾಗಿ ಸ್ಪಷ್ಟವಾದ ಮಾತಿರುವುದನ್ನು ಬಹುಜನರು ಅರಿಯರು. ಮಗುವು ಅಳುತ್ತಿರಲಿ, ಉಣ್ಣದಿರಲಿ, ಹೇಳಿದಂತೆ ಕೇಳದಿರಲಿ, ಅದನ್ನು ಹೆದರಿಸುವುದು ಒಳ್ಳೆಯದಲ್ಲ. ಅದಕ್ಕಾಗಿ ರಾಕ್ಷಸ, ಪಿಶಾಚ, ಪೂತನೆ ಮೊದಲಾದವರ ಹೆಸರನ್ನು ಎತ್ತಲೇಬಾರದು ಎಂಬುದು ಅಲ್ಲಿಯ ಅಭಿಪ್ರಾಯ. ಇಂದಿನ ಮಕ್ಕಳ ಮನಶ್ಶಾಸ್ತ್ರಜ್ಞರೂ ಇದನ್ನೇ ಹೇಳುವರು.

ಪಿಶಾಚವು ಹೋದರೂ ಅದರ ಸ್ಥಾನಕ್ಕೆ ಪೊಲೀಸಿನವರನ್ನೂ, ಸೂಜಿ ಚುಚ್ಚುವ ಡಾಕ್ಟರನ್ನೂ, ಶಾಲೆಯ ಮೇಷ್ಟರನ್ನೂ ನಾವು ತಂದಿದ್ದೇವೆ. ಹಲವು ವರ್ಷಗಳ ಹಿಂದೆ ನನ್ನ ತರಗತಿಗೆ ಸೇರಿದ ಒಬ್ಬ ಹುಡುಗನು ಮೊದಲನೆಯ ದಿನ ಎರಡು ಕಿವಿಗಳನ್ನೂ ಅಂಗೈಗಳಿಂದ ಮುಚ್ಚಿಕೊಂಡು ಕುಳಿತಿದ್ದನು. ಕಿವಿನೋವೇ ಎಂದು ಕೇಳಿದರೆ ಉತ್ತರವಿಲ್ಲ. ಮಧ್ಯಾಹ್ನದ ಊಟಕ್ಕೂ ಒಂದು ಕೈಯನ್ನು ಮಾತ್ರ ತೆಗೆದನು. ಊಟ ಮಾಡದಿದ್ದರೆ ಮೇಷ್ಟರು ಕಿವಿ ಕುಯ್ಯುತ್ತಾರೆಂದು ಮನೆಯಲ್ಲಿ ಮೂರು ವರ್ಷದಿಂದ ಹೇಳುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಆ ಕೈಗಳು ಕೆಳಗಿಳಿಯಲು ಎರಡು ವಾರ ಹಿಡಿಯಿತು. ಒಂದು ತುತ್ತು ಹೆಚ್ಚಾಗಿ ತಿನ್ನಿಸಲು ಹೇಳಿದ ಮಾತು ಮಗುವಿನ ವಿದ್ಯೆಯ ಬಾಗಿಲನ್ನು ಹೇಗೆ ಮುಚ್ಚುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತೊದಲ್ನುಡಿ

ನಮ್ಮ ವರ್ಣಮಾಲೆಯು ಕಂಠದಲ್ಲಿ ಹೊರಟು ತಾಲು, ಮೂರ್ಧ, ದಂತಗಳನ್ನು ದಾಟಿ ತುಟಿಗೆ ಬಂದು ಮುಗಿಯುವುದು. ಕೂಸಿನ ವ್ಯಾಕರಣವು ಇದಕ್ಕೆ ವಿಲೋಮವಾದದ್ದು. ಅದು ತುಟಿಯಲ್ಲಿಯೇ ಮೊದಲುಮಾಡುವುದು. ಅಮ್ಮ, ಅಪ್ಪ, ಮಮ್ಮು, ಬುವ್ವ, ಅಂಬಾ ಎಂಬ ಅದರ ಮೊದಲ ಮಾತುಗಳಲ್ಲಿ ಓಷ್ಠ್ಯವರ್ಣಗಳೇ ತುಂಬಿವೆ. ಹಾಲು ಕುಡಿಯುವ ತುಟಿಗಳೇ ಮಾತನ್ನೂ ಮೊದಲು ಕಲಿಯುವುವು.

ಆದರೆ ಕೇಳುವಿಕೆಯು ಅದಕ್ಕೂ ಬಹಳ ಮುಂಚೆ ಮೊದಲಾಗಿರುವುದು. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್, ಫೈಫರ್ ಎಂಬ ಇಬ್ಬರು ವಿದ್ವಾಂಸರು, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಬೇರೆ ಹೆಂಗಸರ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯನ್ನೇ ಕೇಳಲು ಬಯಸುವುದನ್ನು ಪರೀಕ್ಷಿಸಿ ತೋರಿಸಿದರು. ಇನ್ನೊಂದು ಪರೀಕ್ಷೆಯು ಭಾರತೀಯ ಭಾಷೆಗಳ ಮಾತೃಭಾಷಿಗಳಿಗೆ ವಿಶೇಷ ಕುತೂಹಲವನ್ನುಂಟುಮಾಡುವಂತಹುದು. ಕೆನಡ ದೇಶದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದಂತೆ, ಇಂಗ್ಲಿಷಿನ ಮನೆಗಳ ಕೂಸುಗಳು ಆರು ಎಂಟು ತಿಂಗಳ ವಯಸ್ಸಿನಲ್ಲಿ ಹಿಂದಿಯ ದಂತ್ಯ ತಕಾರಕ್ಕೂ ಮೂರ್ಧನ್ಯ ಟಕಾರಕ್ಕೂ ಇರುವ ಭೇದವನ್ನು ಚೆನ್ನಾಗಿ ಗುರುತಿಸುವುವು. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಮಟ್ಟಿಗೆ ಆ ಶಕ್ತಿಯನ್ನು ಕಳೆದುಕೊಳ್ಳುವುವು. ಮನೆಯಲ್ಲಿ ಕೇಳದ ಭೇದವನ್ನು ಕಿವಿಯು ಬಿಟ್ಟುಬಿಡುವುದು. ಮಗುವು ಮಾತನಾಡುವುದಕ್ಕೆ ಮೊದಲೇ ಅದರ ಮಾತೃಭಾಷೆಯು ಕಿವಿಯಲ್ಲಿ ನೆಲೆಗೊಳ್ಳುವುದೆಂದಾಯಿತು. ಆದುದರಿಂದ “ಅದಕ್ಕೇನು ತಿಳಿಯುತ್ತೆ?” ಎಂದು ಮೂಕವಾಗಿ ಕೂಸನ್ನು ಸಾಕುವುದು ಸರಿಯಲ್ಲ. ಬಟ್ಟೆ ತೊಡಿಸುವಾಗ, ತರಕಾರಿ ಹೆಚ್ಚುವಾಗ, ಬಾಗಿಲಲ್ಲಿ ನಿಂತಾಗ ತಾಯಿಯು ಆಡುವ ಕನ್ನಡದ ಮಾತೇ ಮುಂದೆ ಅದು ಓದತಕ್ಕ ಎಲ್ಲ ಪುಸ್ತಕಗಳಿಗೂ ತಳಹದಿ.

ಮಾತು ಬಂದಮೇಲೆ ಪ್ರಶ್ನೆಗಳು ಬರುವುವು. ನಮ್ಮ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಒಂದು ಸಂಜೆ ದೇವಸ್ಥಾನದಿಂದ ಬರುವಾಗ, “ಅಮ್ಮಾ, ಚಂದ್ರ ನಮ್ ಜೊತೇಲೇ ಯಾಕೆ ಬರ್ತಾನೆ?” ಎಂದಳು. ದಿನವೆಲ್ಲ ದುಡಿದು ದಣಿದಿದ್ದ ನನ್ನ ಸೊಸೆಯು ಗದರದೆ, “ನೀನೇನಂತೀಯ ಪುಟ್ಟಿ?” ಎಂದು ಕೇಳಿದಳು. ಮಗು ಸ್ವಲ್ಪ ಯೋಚಿಸಿ, “ಅವನಿಗೆ ಮನೆ ದಾರಿ ಗೊತ್ತಿಲ್ಲ ಅನ್ಸುತ್ತೆ” ಎಂದಿತು. ಉತ್ತರ ತಪ್ಪಾಗಿರಬಹುದು. ಆದರೆ ಕಂಡದ್ದಕ್ಕೆ ಕಾರಣವನ್ನು ಹುಡುಕಬೇಕೆಂಬ ಪಾಠವು ಅಂದು ನಡೆಯಿತು. ಈ ಪಾಠವನ್ನು ಕಲಿಯದೆ ಬಂದ ಹುಡುಗರಿಗೆ ಹತ್ತನೆಯ ತರಗತಿಯಲ್ಲಿ ನಾವು ಎಷ್ಟು ಹೇಳಿದರೂ ಬಾಯಿಪಾಠವೇ ಉಳಿಯುವುದು.

ಆಟ, ಕೆಲಸ, ಹಠ

ಆಟದ ಸಾಮಾನುಗಳ ವಿಷಯದಲ್ಲಿಯೂ ಚರಕನ ಮಾತು ನೆನೆಯತಕ್ಕದ್ದು. ಅವು ಚಿತ್ರವಿಚಿತ್ರವಾಗಿಯೂ, ಸದ್ದುಮಾಡುವಂತೆಯೂ, ಮನೋಹರವಾಗಿಯೂ ಇರಬೇಕು. ಭಾರವಾಗಿರಬಾರದು, ಮೊನೆಯಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಅಪಾಯ ತರಬಾರದು, ಹೆದರಿಕೆ ಹುಟ್ಟಿಸಬಾರದು ಎಂದು ಅವನು ಲಕ್ಷಣ ಹೇಳಿರುವನು. ಬಾಯೊಳಗೆ ಹೋಗುವ ವಸ್ತುವಿನ ಎಚ್ಚರಿಕೆಯು ಇಂದಿಗೂ ಅತಿಮುಖ್ಯ. ಕಡಲೆಕಾಯಿಯ ಬೀಜ, ಹುಣಿಸೆಯ ಬೀಜ, ಗುಂಡಿ, ನಾಣ್ಯ, ಸಣ್ಣ ಬ್ಯಾಟರಿ ಇವುಗಳನ್ನು ಎಳೆಯ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

ಆದರೆ ಮೂರು ನಾಲ್ಕು ವರ್ಷದ ಮಗುವು ಆಟದ ಸಾಮಾನಿಗಿಂತ ತಾಯಿಯ ಕೈಯಲ್ಲಿರುವ ಕೆಲಸವನ್ನೇ ಹೆಚ್ಚಾಗಿ ಬಯಸುವುದು. ಅವರೆಕಾಯಿಯ ಕಾಲದಲ್ಲಿ ತಾಯಿಯು ಮೊರ ಹಿಡಿದು ಕುಳಿತರೆ ಅದೂ ಬಂದು ಕುಳಿತು, ನೆನೆದ ಕಾಳನ್ನು ಹಿತುಕಿ, ಬೇಳೆಯು ಚಿಮ್ಮಿದ ಕಡೆಗೆ ಓಡುವುದು. ಅರ್ಧ ಗಂಟೆಯ ಕೆಲಸವು ಆಗ ಒಂದು ಗಂಟೆಯಾಗುವುದು ನಿಶ್ಚಯ. ಹತ್ತಿರ ಕುಳಿತು ನೋಡಿಕೊಂಡರೆ ಆ ಅರ್ಧ ಗಂಟೆಯು ನಷ್ಟವಲ್ಲ. 1939ರಲ್ಲಿ ಮದರಾಸಿಗೆ ಬಂದು ಯುದ್ಧಕಾಲವನ್ನೆಲ್ಲ ನಮ್ಮ ದೇಶದಲ್ಲಿಯೇ ಕಳೆದ ಮರಿಯಾ ಮಾಂಟೆಸ್ಸೊರಿಯಮ್ಮನವರು ನೀರು ಹೊಯ್ಯುವುದು, ಗುಂಡಿ ಹಾಕುವುದು, ಒರಸುವುದು ಮೊದಲಾದ ಮನೆಗೆಲಸಗಳನ್ನೇ ತಮ್ಮ ಶಿಶುಶಾಲೆಗಳಲ್ಲಿ ಪಾಠವಾಗಿ ಇಟ್ಟಿದ್ದರು. ನಾವು ಹಣ ಕೊಟ್ಟು ಹುಡುಕುವ ಶಾಲೆಯು ಅಡಿಗೆಮನೆಯಲ್ಲಿಯೇ ಇದೆಯೆಂದು ತಿಳಿಯಬಹುದು. ಇದರಲ್ಲಿ ಗಂಡುಮಗು ಹೆಣ್ಣುಮಗುವೆಂಬ ಭೇದವನ್ನೂ ಮಾಡಬಾರದು.

ಇನ್ನು ಹಠ. ಎರಡರಿಂದ ನಾಲ್ಕು ವರ್ಷದೊಳಗೆ ಮಗುವಿಗೆ ಆಸೆಯು ಬೆಳೆದಿರುವುದು, ಅದನ್ನು ಹೇಳುವಷ್ಟು ಮಾತೂ ತಡೆದುಕೊಳ್ಳುವಷ್ಟು ಶಕ್ತಿಯೂ ಬಂದಿರುವುದಿಲ್ಲ. ಆದುದರಿಂದಲೇ ಅದು ನೆಲಕ್ಕೆ ಬಿದ್ದು ಹೊರಳುವುದು. ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ಕೃಷ್ಣನನ್ನು ಒರಳಿಗೆ ಕಟ್ಟಹೊರಟಾಗ ಹಗ್ಗವು ಪ್ರತಿಸಾರಿಯೂ ಎರಡು ಅಂಗುಲ ಸಾಲದೆ ಬಂದಿತು. ಮನೆಯ ಹಗ್ಗಗಳೆಲ್ಲ ಮುಗಿದು, ಅವಳು ಬೆವರಿ, ಮುಡಿಯ ಹೂ ಉದುರಿದಮೇಲೆ, ತಾಯಿಯ ಬಳಲಿಕೆಯನ್ನು ನೋಡಿ ಮಗುವು ತಾನಾಗಿಯೇ ಕಟ್ಟಿಸಿಕೊಂಡಿತು. ವ್ಯಾಖ್ಯಾನಕಾರರು ಇದಕ್ಕೆ ದೊಡ್ಡ ಅರ್ಥಗಳನ್ನು ಹೇಳಿದ್ದಾರೆ. ಗೃಹಸ್ಥನಾದ ನನಗೆ ಕಾಣುವುದು ಚಿಕ್ಕ ಅರ್ಥ: ಎಷ್ಟು ಉದ್ದದ ಹಗ್ಗ ತಂದರೂ ಮಗುವನ್ನು ಬಲದಿಂದ ಕಟ್ಟಲಾಗದು, ಎರಡು ಅಂಗುಲ ಕಡಮೆಯಾಗಿಯೇ ಇರುವುದು. ಆ ಎರಡು ಅಂಗುಲವನ್ನು ತುಂಬುವುದು ಮಗುವಿಗೆ ತಾಯಿಯಲ್ಲಿರುವ ಪ್ರೀತಿ. ಹೊಡೆತದಿಂದ ಅದು ಹೆಚ್ಚುವುದಿಲ್ಲ. ಹಠದ ಹೊತ್ತಿನಲ್ಲಿ ಹತ್ತಿರ ಕುಳಿತು, ಪೆಟ್ಟಾಗದಂತೆ ನೋಡಿಕೊಂಡು, ಕೊಡಲಾಗದ್ದನ್ನು ಕೊಡದೆ, ಅಳು ಇಳಿದಮೇಲೆ ಎತ್ತಿಕೊಳ್ಳುವುದೇ ಸರಿಯಾದ ಮಾರ್ಗ.

ರಾತ್ರಿ

ಮಾರ್ಕಂಡೇಯಪುರಾಣದ ಮದಾಲಸೆಯು ತೊಟ್ಟಿಲ ಮಕ್ಕಳಿಗೇ ತತ್ತ್ವವನ್ನು ಹೇಳಿ ಬೆಳೆಸಿದಳು. ನಮ್ಮ ಹಳ್ಳಿಗಳ ತಾಯಂದಿರು ತ್ರಿಪದಿಗಳಲ್ಲಿ ತಮ್ಮ ಕಂದನನ್ನು ಹಾಡಿದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂತಹ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ಆ ಹಾಡುಗಳನ್ನು ಕಟ್ಟಿದ ತಾಯಂದಿರ ಹೆಸರು ನಮಗೆ ತಿಳಿಯದು. ಮಗುವಿಗೆ ನಿದ್ರೆ ಬರಿಸುವುದಕ್ಕಾಗಿ ಅವರು ಕಳೆದ ರಾತ್ರಿಗಳು ಕನ್ನಡ ಸಾಹಿತ್ಯಕ್ಕೆ ಸಂಪತ್ತಾಗಿ ಉಳಿದಿವೆ.

ಆದರೆ ತೂಗಿದವಳ ನಿದ್ರೆಯ ಮಾತೇನು? ಎಳೆಯ ಕೂಸು ಹಗಲೂ ರಾತ್ರಿಯೂ ಸೇರಿ ಎಂಟರಿಂದ ಹನ್ನೆರಡು ಸಾರಿ ಹಾಲು ಕುಡಿಯುವುದು. ತಾಯಿಯ ನಿದ್ರೆಯು ತುಂಡುತುಂಡಾಗುವುದು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಅನೇಕರಿಗೆ ಉಂಟು. ಅದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಕಳೆಯುವುದು. ಕಳೆಯದೆ ನಿಂತು, ಊಟ ಸೇರದೆ, ಕೂಸನ್ನು ಕಂಡರೂ ಮನಸ್ಸು ಅರಳದೆ, ತಾನು ಯಾತಕ್ಕೂ ಬಾರದವಳೆಂಬ ಭಾವವು ಬೇರೂರಿದರೆ ಅದು ವ್ಯಾಧಿ. ಸೋಮಾರಿತನವಲ್ಲ, ಸೊಕ್ಕಲ್ಲ, ಗಾಳಿಯ ಸೋಂಕಲ್ಲ. ಬಾಣಂತಿ ಸನ್ನಿಯೆಂದು ಹಿರಿಯರು ಕರೆಯುತ್ತಿದ್ದುದು ಇದಕ್ಕಿಂತಲೂ ತೀವ್ರವಾದ ಇನ್ನೊಂದು ರೋಗ. ಅದರಲ್ಲಿ ಒಂದು ದಿನವನ್ನೂ ತಡಮಾಡಕೂಡದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು, ಚೊಚ್ಚಲ ಹೆರಿಗೆಯಾದ ಎರಡು ತಿಂಗಳಮೇಲೆ ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟಳು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತನಾಡಿದರು. ಅವಳ ಅತ್ತೆಯು ಓದುಬರಹ ಹೆಚ್ಚಾಗಿ ತಿಳಿಯದ ಹೆಂಗಸು. ಆಕೆ ಮಾತ್ರ, “ಇವಳು ಹೀಗಿರೋಳಲ್ಲ, ಇದು ಕಾಯಿಲೆ” ಎಂದು ಹಠಹಿಡಿದು ವೈದ್ಯರಲ್ಲಿಗೆ ಕರೆದುಕೊಂಡುಹೋದಳು. ರಾತ್ರಿಯ ಕೂಸನ್ನು ತಾನೇ ನೋಡಿಕೊಂಡು ಸೊಸೆಗೆ ನಿದ್ರೆ ಮಾಡಗೊಟ್ಟಳು. ನಾಲ್ಕೈದು ತಿಂಗಳಲ್ಲಿ ಹುಡುಗಿ ಮೊದಲಿನಂತಾದಳು. ಆ ಅತ್ತೆಯು ಮಾಡಿದ್ದು ಎರಡು ಪ್ರಾಣಗಳನ್ನು ಉಳಿಸಿದ ಕೆಲಸವೆಂದೇ ನಾನು ಎಣಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ತಾಯಂದಿರನ್ನು ಕೂಸಿನಿಂದ ಅಗಲಿಸದೆ ಜೊತೆಯಲ್ಲಿಯೇ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗವು 2009ರಲ್ಲಿ ಆರಂಭವಾಯಿತು. ಮನಸ್ಸಿನ ವ್ಯಾಧಿಗೆ ಸಲಹೆ ಕೊಡುವ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಯು 2022ರಲ್ಲಿ ಮೊದಲಾಯಿತು. ಅದರ ಸಂಖ್ಯೆ 14416.

ಮನೆಯವರ ಪಾಲು

2019ರಲ್ಲಿ ಭಾರತ ಸರ್ಕಾರವು ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಕಳೆಯುತ್ತಿದ್ದರೆಂದು ಕಂಡುಬಂದಿತು. ಮಕ್ಕಳು ಮುದುಕರ ಆರೈಕೆಯ ಲೆಕ್ಕವು ಇದರಿಂದ ಹೊರಗೆ. ಹೊರಗೆ ದುಡಿಯುವ ತಾಯಿಗಾಗಿ 1961ರ ಕಾನೂನು ಹೆರಿಗೆಯ ರಜವನ್ನು ಕೊಟ್ಟಿತು. 2017ರಲ್ಲಿ ಅದನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರು ವಾರಗಳಿಗೆ ಏರಿಸಿದರು. ಆದರೆ ಹೊಲದಲ್ಲಿ ಕಳೆ ಕೀಳುವ ತಾಯಿಗೆ, ಇಟ್ಟಿಗೆ ಹೊರುವ ತಾಯಿಗೆ ರಜ ಕೊಡುವವರಾರು? ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಕೆಲಸದ ನಡುವೆ ಓಡಿಬಂದು ಹಾಲೂಡಿಸಿ ಹೋಗುವವಳು ಅವಳು. ಅವಳ ಮಕ್ಕಳಿಗಾಗಿಯೇ 1975ರಲ್ಲಿ ಅಂಗನವಾಡಿಗಳ ಯೋಜನೆಯು ಮೊದಲಾದದ್ದು. ದೇಶದಲ್ಲಿ ಅದನ್ನು ಮೊದಲು ಆರಂಭಿಸಿದ ಕೆಲವೇ ಸ್ಥಳಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು.

ಸರ್ಕಾರವು ಮಾಡತಕ್ಕದ್ದು ಹಾಗಿರಲಿ. ಮನೆಯಲ್ಲಿ ನಾವು ಮಾಡತಕ್ಕದ್ದಕ್ಕೆ ಕಾನೂನು ಬೇಡ. ಸಂಜೆ ಮನೆಗೆ ಬಂದ ತಂದೆಯು ಒಂದು ಗಂಟೆಯ ಕಾಲ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಲಿ. ಆ ಒಂದು ಗಂಟೆ ತಾಯಿಯು ಮಲಗಲಿ, ಓದಲಿ, ನೆರೆಮನೆಯವಳೊಡನೆ ಮಾತನಾಡಲಿ, ಸುಮ್ಮನೆ ಕುಳಿತಿರಲಿ. ಏನು ಮಾಡಿದೆಯೆಂದು ಕೇಳಕೂಡದು. ವಾರಕ್ಕೆ ಎರಡು ರಾತ್ರಿ ಕೂಸನ್ನು ತೂಗುವ ಸರದಿಯು ತಂದೆಯದಾಗಲಿ. ಅಜ್ಜಂದಿರು ಪತ್ರಿಕೆಯನ್ನು ಮಡಿಸಿಟ್ಟು ಒಂದು ಕಥೆ ಹೇಳಲಿ. ಮನೆಗೆ ಬಂದ ನೆಂಟರು ಕೂಸು ಬಡವಾಗಿದೆಯೆಂದು ತಾಯಿಯ ಮುಂದೆ ಹೇಳುವುದನ್ನು ಬಿಟ್ಟು, ಅವಳು ಊಟ ಮಾಡಿದಳೆ ಎಂದು ವಿಚಾರಿಸಲಿ.

ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಸಿಂಹದ ಮರಿಯೊಡನೆ ಆಡುವ ಬಾಲಕನನ್ನು ಕಂಡು, ಮಕ್ಕಳ ಮೈಯ ಧೂಳಿನಿಂದ ತಮ್ಮ ಮೈಯೂ ಮಾಸಿದವರೇ ಧನ್ಯರೆಂದು ಹಂಬಲಿಸುವನು. ಅಷ್ಟುಹೊತ್ತಿಗೆ ಎಣ್ಣೆನೀರು, ತುತ್ತು, ತೊದಲು, ಹಠ, ಜಾಗರಣೆಗಳೆಲ್ಲವೂ ಮುಗಿದಿದ್ದುವು; ಅವನ್ನೆಲ್ಲ ಶಕುಂತಲೆಯು ಆಶ್ರಮದಲ್ಲಿ ಪತಿಯಿಲ್ಲದೆ ನಡೆಸಿದ್ದಳು. ಚಕ್ರವರ್ತಿಗೆ ಕಡೆಯ ಅಂಕದಲ್ಲಿ ದೊರೆತ ಭಾಗ್ಯವು ನಮ್ಮ ಮನೆಗಳ ತಂದೆಯರಿಗೆ ಮೊದಲನೆಯ ದಿನದಿಂದಲೇ ದೊರೆಯುವಂತಿದೆ. ಈ ಲೇಖನವನ್ನು ಓದಿ ಮುಗಿಸಿದ ಗೃಹಸ್ಥರು ಪತ್ರಿಕೆಯನ್ನು ಗೃಹಿಣಿಯ ಕೈಗೆ ಕೊಟ್ಟು, ಮಗುವನ್ನು ತಾವು ಎತ್ತಿಕೊಂಡರೆ ಬರೆದವನ ಶ್ರಮವು ಸಾರ್ಥಕವಾಗುವುದು.